ಒಂದೇ ಗೌನು, ಒಬ್ಬರೇ ಸೂಜಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕಾಲೇಜಿನ ಸಭಾಂಗಣದ ಮೂಡಣ ಕಿಟಕಿಯ ಪಕ್ಕ ಮೋಟುಕಾಲಿನ ಸ್ಟೂಲೊಂದರ ಮೇಲೆ ಹೆಂಗಸೊಬ್ಬರು ಬಗ್ಗಿ ಕೂತಿದ್ದಾರೆ. ಗುಡಿಸಿ ಒರೆಸಿದ ನೆಲ ಅರ್ಧ ಒಣಗಿದೆ, ಅರ್ಧ ಹಸಿಯಿದೆ. ಪೊರಕೆ ಮೂಲೆಯಲ್ಲಿ ವಿಶ್ರಾಂತಿ ಪಡೆಯುತ್ತಿದೆ. ಅವರ ತೊಡೆಯ ಮೇಲೆ ಪದವಿ ಸಮಾರಂಭದ ಕರಿ ಗೌನು, ಕೈಯಲ್ಲಿ ಬ್ಲೇಡು. ಆದರೆ ಬ್ಲೇಡು ಓಡುತ್ತಿರುವುದು ಗೌನಿನ ಮೇಲಲ್ಲ. ಕಸ ಗುಡಿಸುವವರಿಗೆಂದು ಕಾಲೇಜು ಕೊಟ್ಟಿರುವ ನೀಲಿ ಸಮವಸ್ತ್ರದ ಕೋಟಿನ ಬೆನ್ನಿನ ಮೇಲೆ. ಅದು ಅವರದೇ ಕೋಟು.

"ಅಯ್ಯೋ, ಕೋಟು ಯಾಕಕ್ಕಾ ಹರೀತಿದೀರಿ?" ಎಂದು ಬಾಗಿಲಲ್ಲೇ ನಿಂತು ಕೇಳುತ್ತೇನೆ.

"ಹರೀತಿಲ್ಲ, ಬಿಚ್ತಿದೀನಿ. ಎರಡಕ್ಕೂ ವ್ಯತ್ಯಾಸ ಇದೆ," ಎನ್ನುತ್ತಾರೆ ತಲೆ ಎತ್ತದೆ. "ನೀವು ಪೇಪರ್‌ನೋರಾ? ಕಾಲು ಒರೆಸ್ಕೊಂಡು ಒಳಗೆ ಬನ್ನಿ. ಆ ಕಡೆಯಿಂದ ಬನ್ನಿ, ಈ ಕಡೆ ಇನ್ನೂ ಒಣಗಿಲ್ಲ."

ಕಾಲೇಜಿನವರು ಇವರನ್ನು ಸೂಜಕ್ಕ ಎಂದು ಕರೆಯುತ್ತಾರೆ. ಸೂಜಿ ಹಿಡಿದ ಅಕ್ಕ ಸೂಜಕ್ಕ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿರಬೇಕು, ಅದನ್ನು ಕರೆದರೆ ಅವರೇ ತಿರುಗಿ ನೋಡಲಿಕ್ಕಿಲ್ಲ. ನಾನು ಈ ಊರಿಗೆ ಬಂದದ್ದು ಪುಟ್ಟ ಕಾಲೇಜೊಂದರ ಚರಿತ್ರೆ ಬರೆಯಲು. ಪ್ರಾಂಶುಪಾಲರು ಕೊಟ್ಟ ಮಿರಿಮಿರಿ ಹೊತ್ತಗೆಯಲ್ಲಿ ಸ್ಥಾಪಕರ ಭಾವಚಿತ್ರವಿದೆ, ಕಟ್ಟಡ ಸಮಿತಿಯವರ ಸಾಲು ಚಿತ್ರವಿದೆ, ಕೊನೆಯ ಪುಟದಲ್ಲಿ ಹೂಕುಂಡಗಳ ಚಿತ್ರವೂ ಇದೆ. ಸೂಜಕ್ಕ ಇಲ್ಲ. ಹೂಕುಂಡಕ್ಕೆ ಸಿಕ್ಕ ಜಾಗ ಇವರಿಗೆ ಸಿಗಲಿಲ್ಲವಲ್ಲ ಎಂದು ನನಗೆ ನಿಜಕ್ಕೂ ಸಿಟ್ಟು ಬಂತು. ಹಾಗಾಗಿ ಚರಿತ್ರೆಯನ್ನು ಸ್ಟೂಲಿನ ಪಕ್ಕ ಕೂತೇ ಕೇಳುವುದೆಂದು ತೀರ್ಮಾನಿಸಿದ್ದೇನೆ.

ಈ ಸಭಾಂಗಣ ಒಂದು ಕಾಲಕ್ಕೆ ಗೋದಾಮು. ಊರಿನ ಲೆಕ್ಕದ ಮೇಷ್ಟ್ರೊಬ್ಬರು ಅದನ್ನು ಕಾಡಿಬೇಡಿ ಪಡೆದು ಕಾಲೇಜು ಶುರುಮಾಡಿದರು. ಮೊದಲ ತಂಡದಲ್ಲಿ ಪದವಿ ಮುಟ್ಟಿದವರು ಬೆರಳೆಣಿಕೆಯಷ್ಟು ಮಂದಿ. ಅಷ್ಟು ಜನಕ್ಕೆ ಗೌನು ಹೊಲಿಸಲೂ ಕಾಲೇಜಿನ ಕೈಯಲ್ಲಿ ಆಗಲಿಲ್ಲ. ಮೇಷ್ಟ್ರ ಗೆಳೆಯರೊಬ್ಬರ ಫೋಟೊ ಸ್ಟುಡಿಯೊ ಆಗಷ್ಟೇ ಬಾಗಿಲು ಹಾಕಿತ್ತು. ಅದರ ಕತ್ತಲೆಕೋಣೆಗೆ ಇಳಿಬಿಟ್ಟಿದ್ದ ದಪ್ಪ ಉಣ್ಣೆಯ ಕರಿ ಪರದೆಯಿಂದ ಒಂದೇ ಒಂದು ಗೌನು ಹೊಲಿಸಿದರು. ಒಬ್ಬರು ಹಾಕಿಕೊಂಡು ವೇದಿಕೆ ಹತ್ತುವುದು, ಪದವಿ ಪಡೆದು ಇಳಿಯುವುದು, ಬಿಚ್ಚಿ ಮುಂದಿನವರಿಗೆ ತೊಡಿಸುವುದು. ಬಡತನಕ್ಕೆ ಮಾಡಿಕೊಂಡ ಈ ಉಪಾಯ ಬರಬರುತ್ತಾ ಸಂಪ್ರದಾಯವಾಯಿತು.

ವೇದಿಕೆಗೆ ಇರುವುದು ಒಂದೇ ಮೆಟ್ಟಿಲ ಸಾಲು. ಹತ್ತುವವರೂ ಇಳಿಯುವವರೂ ಅಲ್ಲೇ ಎದುರಾಗಬೇಕು. ಮೆಟ್ಟಿಲ ಬುಡದಲ್ಲಿ ಇಳಿದವರು ಹತ್ತುವವರ ಹೆಗಲಿಗೆ ಗೌನು ಹಾಕಿ ಬೆನ್ನು ತಟ್ಟುತ್ತಾರೆ. ಮೂರು ವರ್ಷ ಮುಖ ಕಂಡರಾಗದೆ ಓಡಾಡಿದವರೂ ಆ ಒಂದು ಗಳಿಗೆ ಪರಸ್ಪರ ತೋಳು ಹಿಡಿಯಲೇಬೇಕು. ಸಾಲಿಗೂ ಒಂದು ಕ್ರಮವಿದೆ. ಮೊದಲ ಸ್ಥಾನ ಹೆಚ್ಚು ಅಂಕ ಬಂದವರಿಗೆ. ಕೊನೆಯ ಸ್ಥಾನ ಪಾಸಾಗಲು ಎಲ್ಲರಿಗಿಂತ ಹೆಚ್ಚು ವರ್ಷ ತೆಗೆದುಕೊಂಡವರಿಗೆ. ಮೊದಲನೆಯವರಿಗೆ ಎಲ್ಲ ಕಾಲೇಜಿನಲ್ಲೂ ಚಪ್ಪಾಳೆ ಬೀಳುತ್ತದೆ. ಇಲ್ಲಿ ಸೂರು ಹಾರಿಹೋಗುವಂಥ ಚಪ್ಪಾಳೆ ಬೀಳುವುದು ಕೊನೆಯವರಿಗೆ.

ಈ ವರ್ಷದ ಕೊನೆಯವಳು ಸೂಜಕ್ಕನ ಸೊಸೆ.

"ಹ್ಞೂಂ ಮತ್ತೆ! ನಮ್ಮನೆಯವಳೇ," ಎಂದು ಸೂಜಕ್ಕ ಮೊದಲ ಸಲ ತಲೆ ಎತ್ತುತ್ತಾರೆ. "ಮದುವೆ ಆದಾಗ ಪಿಯುಸಿ ಮುಗ್ಸಿದ್ಲು. ಮಗು ಸ್ಕೂಲಿಗೆ ಹೋಗೋಕೆ ಶುರು ಮಾಡಿದ್ಮೇಲೆ ಇಲ್ಲಿ ಸೇರಿಸ್ದೆ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನದ ಮೇಲೆ ಔಷಧಿ ಅಂಗಡೀಲಿ ಕೆಲಸ. ಎಲ್ಲಾ ಆಯ್ತು, ಆ ಸಂಖ್ಯಾಶಾಸ್ತ್ರ ಅನ್ನೋದೊಂದು ಅವಳ ಜೀವ ತಿಂದ್ಬಿಡ್ತು. ಬರೆಯೋದು, ಫೇಲಾಗೋದು. ಬರೆಯೋದು, ಫೇಲಾಗೋದು. ಒಂದಿನ ಪುಸ್ತಕ ಎಲ್ಲಾ ಕಟ್ಟಿ ಅಟ್ಟಕ್ಕೆ ಹಾಕಿದ್ಲು."

"ನೀವೇನು ಹೇಳಿದ್ರಿ?"

"ಹೇಳೋದೇನು ಬಂತು? ಏಣಿ ಹಾಕಿ ಹತ್ತಿ ಇಳಿಸ್ಕೊಂಡು ಬಂದೆ. ಒಲೆ ನಾನು ನೋಡ್ಕೋತೀನಿ, ಲೆಕ್ಕ ನೀನು ನೋಡ್ಕೋ ಅಂದೆ. ಆ ಆರು ತಿಂಗಳು ನಮ್ಮನೇಲಿ ಉಪ್ಪು ಖಾರ ಏನೂ ನೆಟ್ಟಗಿರ್ಲಿಲ್ಲ ಅನ್ನಿ. ಮಗ ಮುಖ ಊದಿಸ್ಕೊಂಡು ತಿಂತಿದ್ದ. ತಿನ್ಲಿ ಬಿಡಿ, ಅವನೇನು ಸವೆದು ಹೋಗ್ಲಿಲ್ಲ."

ಅದಕ್ಕೇ ಈ ಸಲ ಗೌನು ಕೊನೆಯವರೆಗೂ ತಾಳಬೇಕು. ಆದರೆ ತಾಳುವ ಸ್ಥಿತಿಯಲ್ಲಿ ಅದಿಲ್ಲ. ಸೂಜಕ್ಕ ಅದನ್ನು ಬೆಳಕಿಗೆ ಹಿಡಿಯುತ್ತಾರೆ. ಹೆಗಲಿನ ಭಾಗದಲ್ಲಿ ಬಟ್ಟೆ ಜರಡಿಯಾಗಿದೆ, ಆಚೆಯ ಕಿಟಕಿ ಕಾಣುತ್ತದೆ. "ಹೊಲಿಗೆ ಬಿಟ್ರೆ ಹಾಕ್ಬೋದು. ಬಟ್ಟೆನೇ ಸತ್ತಿದೆ. ಸೂಜಿ ಚುಚ್ಚಿದ ಜಾಗ ಕಣ್ಣು ಬಿಡತ್ತೆ."

ಕಾಲೇಜಿನ ಆಡಳಿತ ಸಮಿತಿಗೂ ಇದು ಗೊತ್ತು. ಬಾಡಿಗೆ ಗೌನುಗಳ ಪೆಟ್ಟಿಗೆಗಳು ಆಗಲೇ ಪ್ರಾಂಶುಪಾಲರ ಕೋಣೆಗೆ ಬಂದು ಕೂತಿವೆ, ತಲೆಗೊಂದು ಗೌನಿನ ಲೆಕ್ಕದಲ್ಲಿ. ಸಮಿತಿಯವರನ್ನು ಖಳರನ್ನಾಗಿ ಮಾಡಲು ನನಗೂ ಆಸೆಯಿತ್ತು. ಆದರೆ ಅವರ ಮಾತಿನಲ್ಲೂ ಹುರುಳಿದೆ. ಸಮಾರಂಭ ಗಂಟೆಗಟ್ಟಲೆ ಎಳೆಯುತ್ತದೆ. ಅಪ್ಪ ಅಮ್ಮಂದಿರಿಗೆ ಮಕ್ಕಳ ಜೊತೆ ಗೌನಿನಲ್ಲಿ ನೆಮ್ಮದಿಯಾಗಿ ಒಂದು ಫೋಟೊ ತೆಗೆಸಿಕೊಳ್ಳಲಾಗುವುದಿಲ್ಲ. ಅರ್ಧ ಸಾಲು ದಾಟುವಷ್ಟರಲ್ಲಿ ಗೌನು ಎಲ್ಲರ ಬೆವರು ಕುಡಿದು ಒದ್ದೆಮುದ್ದೆಯಾಗಿರುತ್ತದೆ.

ಪ್ರಾಂಶುಪಾಲರು ಇದೇ ಕಾಲೇಜಿನ ಹಳೆಯ ವಿದ್ಯಾರ್ಥಿನಿ. "ನಾನೂ ಅದನ್ನ ಹಾಕ್ಕೊಂಡು ಇಳಿದವಳೇ. ನನಗೆ ತೊಡಿಸಿದ ಹುಡುಗಿ ಮುಖ ಇವತ್ತಿಗೂ ಕಣ್ಣಲ್ಲಿದೆ," ಎನ್ನುತ್ತಾರೆ ಅವರು. "ಸಮಿತಿಯವರ ಹತ್ರ ಗೋಗರೆದು ಒಂದು ಮಾತು ತಗೊಂಡಿದೀನಿ. ಈ ಸಲ ಗೌನು ಕೊನೇವರೆಗೂ ಬಂದ್ರೆ ಸಂಪ್ರದಾಯ ಮುಂದುವರಿಯತ್ತೆ. ನಡುವೆ ಕೈಕೊಟ್ರೆ ಅಲ್ಲಿಂದಲೇ ಬಾಡಿಗೆ ಗೌನು. ಹಳೇದನ್ನ ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ."

ಗಾಜಿನ ಪೆಟ್ಟಿಗೆಯ ಸುದ್ದಿ ಸೂಜಕ್ಕನ ಕಿವಿಗೂ ಬಿದ್ದಿದೆ. "ಗಾಜಿನೊಳಗೆ ಇಡೋಕೆ ಅದೇನು ಬಿಸ್ಕತ್ತಾ?" ಎಂದು ಕೇಳುತ್ತಾರೆ.

ಇವರು ಕಾಲೇಜಿಗೆ ಕಸ ಗುಡಿಸಲು ಸೇರಿದ್ದು ಮದುವೆಯಾದ ಹೊಸತರಲ್ಲಿ. ಗಂಡ ಇಲ್ಲಿಯ ಕಾವಲುಗಾರರಾಗಿದ್ದರು, ಈಗಿಲ್ಲ. ಹಾಸ್ಟೆಲಿನ ಮೇಲ್ವಿಚಾರಕಿಯೊಬ್ಬರು ಆಗ ಗೌನು ನೋಡಿಕೊಳ್ಳುತ್ತಿದ್ದರು. ಅವರ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಇವರನ್ನು ಕರೆಯತೊಡಗಿದರು. ಪೋಣಿಸಿ ಕೊಟ್ಟವರೇ ಹೊಲಿದೂ ಕೊಟ್ಟರು. ಅಲ್ಲಿಂದ ಶುರುವಾದ ಉಸಾಬರಿ ಇದು. ಈಗ ಲ್ಯಾಬಿನ ಏಪ್ರನ್ನು, ವಾಲಿಬಾಲ್ ನೆಟ್ಟು, ವಾಚನಾಲಯದ ಕಿಟಕಿ ಪರದೆ, ಕಡೆಗೆ ಇತಿಹಾಸದ ಅಧ್ಯಾಪಕರ ಕಳಚಿಬಿದ್ದ ಅಂಗಿಗುಂಡಿ, ಎಲ್ಲವೂ ಈ ಸ್ಟೂಲಿನ ಬುಡಕ್ಕೇ ಬರುತ್ತವೆ. ಬೆಳಗಿನ ಗುಡಿಸುವ ಕೆಲಸ ಮುಗಿದು ಮೊದಲ ತರಗತಿ ಶುರುವಾಗುವ ನಡುವಿನ ಹೊತ್ತು ಹೊಲಿಗೆಯದು. ಅದು ಅವರ ಕೆಲಸದ ಪಟ್ಟಿಯಲ್ಲಿಲ್ಲ. ಅದರ ಬಗ್ಗೆ ದೂರೂ ಇಲ್ಲ.

"ಒಳಗೆ ನೋಡಿ," ಎಂದು ಗೌನಿನ ಅಸ್ತರು ತಿರುಗಿಸಿ ತೋರಿಸುತ್ತಾರೆ. ಹೊರಗೆ ಕಪ್ಪಗೆ ಗಂಭೀರವಾಗಿರುವ ಗೌನು ಒಳಗೆ ಬಣ್ಣದ ಸಂತೆ. ಕಂಕುಳಲ್ಲಿರುವುದು ಹಳೆಯ ಕೊಡೆಯ ಬಟ್ಟೆ, ಬೆವರು ತಡೆಯಲಿ ಎಂದು. ಅಂಚಿಗಿರುವುದು ನಾಟಕದ ಪರದೆಯ ಕೆಂಪು. ಜೇಬಿನ ಹತ್ತಿರ ಒಬ್ಬ ಸಸ್ಯಶಾಸ್ತ್ರದ ಮೇಷ್ಟ್ರ ಪ್ಯಾಂಟಿನ ತುಂಡು. ನಿವೃತ್ತಿಯ ದಿನ ಅವರೇ ತಂದುಕೊಟ್ಟರಂತೆ, "ನಾನು ಹೋದರೂ ಪ್ಯಾಂಟು ಇರಲಿ" ಎಂದು. ಕತೆ ಹೇಳಿ ಸೂಜಕ್ಕ ತಾವೇ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಇನ್ನೊಂದು ಸಂಪ್ರದಾಯ ಹೇಳಲೇಬೇಕು. ಇಲ್ಲಿ ವೇದಿಕೆ ಹತ್ತುವ ಮೊದಲು ಪ್ರತಿಯೊಬ್ಬರೂ ಗೌನಿನ ತೋಳನ್ನು ಎರಡು ಮಡಿಕೆ ಮೇಲಕ್ಕೆ ಮಡಿಸುತ್ತಾರೆ. ಹೊತ್ತಗೆಯಲ್ಲಿ ಇದಕ್ಕೆ ಒಂದಿಡೀ ಪುಟದ ವಿವರಣೆಯಿದೆ. ಪದವಿ ಎಂಬುದು ಅಲಂಕಾರವಲ್ಲ, ದುಡಿಮೆಗೆ ಕರೆ ಎಂಬ ಸ್ಥಾಪಕರ ಕಾಣ್ಕೆಯ ಸಂಕೇತವಂತೆ. ಓದಿ ನಾನೂ ತಲೆದೂಗಿದ್ದೆ.

"ಅದಾ? ಅದು ನಾನು ಮಾಡಿದ ಎಡವಟ್ಟು," ಎನ್ನುತ್ತಾರೆ ಸೂಜಕ್ಕ, ದಾರ ಹಲ್ಲಿನಲ್ಲಿ ಕಚ್ಚಿಕೊಂಡೇ.

ಗೌನು ಇವರ ಕೈಗೆ ಬಂದ ಹೊಸತು. ಸಮಾರಂಭಕ್ಕೆ ಮುಂಚೆ ಚೆನ್ನಾಗಿ ಕೊಳೆ ಹೋಗಲಿ ಎಂದು ಕುದಿಯುವ ನೀರಿನಲ್ಲಿ ಅದ್ದಿ ತಿಕ್ಕಿದರು. ಉಣ್ಣೆ ಬಟ್ಟೆ. ಒಣಗಿದ ಮೇಲೆ ನೋಡಿದರೆ ತೋಳು ಮೊಣಕೈಗೂ ಮಣಿಕಟ್ಟಿಗೂ ನಡುವೆ ಎಲ್ಲೋ ನಿಂತಿದೆ. "ನನ್ನ ಜೀವ ಬಾಯಿಗೆ ಬಂತು. ಕೆಲಸ ಹೋಯ್ತು ಅಂತಾನೇ ಲೆಕ್ಕ. ಅಳ್ತಾ ಅಳ್ತಾ ಆಗಿನ ಪ್ರಾಂಶುಪಾಲರ ಮುಂದೆ ಹಿಡ್ದೆ. ಅವರು ಅದನ್ನ ತಾವೇ ಹಾಕ್ಕೊಂಡ್ರು. ಕನ್ನಡಿ ಮುಂದೆ ಕೈ ನೀಡಿ ನೋಡ್ಕೊಂಡ್ರು. ಆಮೇಲೆ ತೋಳು ಇನ್ನೂ ಎರಡು ಮಡಿಕೆ ಮೇಲಕ್ಕೆ ಮಡಿಸಿದ್ರು. 'ಈಗ ಗಿಡ್ಡ ಅನ್ಸಲ್ಲ, ಮಡಿಸಿದ್ದು ಅನ್ಸತ್ತೆ. ಹೋಗಮ್ಮ, ಮುಖ ತೊಳ್ಕೋ' ಅಂದ್ರು. ಸಮಾರಂಭದ ದಿನ ಮೊದಲನೇ ಹುಡುಗನ ತೋಳನ್ನ ಅವರೇ ಮಡಿಸಿದ್ರು. ನಮ್ಮ ಮಕ್ಕಳು ತೋಳು ಮಡಿಸಿ ಹೊರಡೋರು ಅಂತ ಮೈಕಲ್ಲಿ ಹೇಳೇಬಿಟ್ರು. ಜನ ಚಪ್ಪಾಳೆ ಹೊಡೆದ್ರು."

"ಇಷ್ಟು ವರ್ಷ ಯಾರಿಗೂ ಹೇಳ್ಲಿಲ್ವಾ?"

"ಮುಚ್ಚಿಡೋಕೆ ಅದೇನು ಕಳ್ಳಮಾಲಾ? ಯಾರೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ." ದಾರಕ್ಕೆ ಗಂಟು ಹಾಕಿ ಸೇರಿಸುತ್ತಾರೆ, "ಆ ಪುಣ್ಯಾತ್ಮರು ಅವತ್ತು ಒಂದು ಮಾತು ಬೈದಿದ್ರೆ ನಾನು ಸೂಜಿ ಮುಟ್ತಿರ್ಲಿಲ್ಲ."

ಮತ್ತೆ ಕೋಟಿಗೆ ಬರೋಣ. ಹೊಸ ಬಟ್ಟೆ ತಂದು ಹಾಕಬಾರದೇ ಎಂದರೆ ಸೂಜಕ್ಕ ನನ್ನನ್ನು ಪಾಪದವನಂತೆ ನೋಡುತ್ತಾರೆ. ಹೊಸದು ಬಿಗಿ, ಹಳೆಯದನ್ನು ಎಳೆದು ಹರಿದುಬಿಡುತ್ತದೆ. ಒಗೆದು ಒಗೆದು ಮೆತ್ತಗಾಗಿರಬೇಕು, ಆದರೆ ಜೀವ ಗಟ್ಟಿಯಿರಬೇಕು. ಅಂಥ ಬಟ್ಟೆಗಾಗಿ ಮನೆಯ ಟ್ರಂಕು, ಅಂಗಡಿಯ ಚಿಂದಿ, ಹಾಸ್ಟೆಲಿನ ಹಳೆ ಹೊದಿಕೆ ಎಲ್ಲ ಹುಡುಕಿದ್ದಾಯಿತು. ಕೊನೆಗೆ ನಿನ್ನೆ ಮೈಮೇಲಿನ ಕೋಟು ಕಣ್ಣಿಗೆ ಬಿತ್ತು. ಕೊಡುವಾಗ ರಟ್ಟಿನಂತಿದ್ದ ಬಟ್ಟೆ, ಬಗ್ಗಿ ಗುಡಿಸಿ, ಒಗೆದು, ಈಗ ಹದಕ್ಕೆ ಬಂದಿದೆ. ಅದರ ಬೆನ್ನನ್ನು ಅಗಲವಾಗಿ ಕತ್ತರಿಸಿ ಗೌನಿನ ಹೆಗಲಿಗೆ ಒಳಗಿನಿಂದ ಕೊಡುತ್ತಿದ್ದಾರೆ.

"ಇಷ್ಟು ಜನರ ಬಟ್ಟೆ ಸೇರಿಸಿದೀರಿ. ನಿಮ್ದು ಇದೇ ಮೊದಲಾ?"

"ನಂದು ಯಾಕೆ ಅಂತ ಹಾಕಿರ್ಲಿಲ್ಲ. ಈಗ ವಿಧಿ ಇಲ್ಲ," ಎನ್ನುತ್ತಾರೆ. "ಸೊಸೆಗೆ ಹೇಳ್ಬೇಡಿ ಮತ್ತೆ. ನನಗೋಸ್ಕರ ಕೋಟು ಕತ್ತರಿಸಿದ್ರಾ ಅಂತ ಕೂಗಾಡ್ತಾಳೆ. ಅವಳಿಗೋಸ್ಕರ ಒಬ್ಬಳಿಗೇ ಅಲ್ಲ. ಆದ್ರೆ ಅವಳಿಗೋಸ್ಕರನೂ ಹೌದು. ಅದನ್ನೆಲ್ಲ ಬಿಡಿಸಿ ಹೇಳ್ತಾ ಕೂರೋಕಾಗತ್ತಾ?"

ಎರಡು ದಿನ ಕಳೆದು ಸಮಾರಂಭ. ಸಭಾಂಗಣ ಕಿಕ್ಕಿರಿದಿದೆ. ಸೂಜಕ್ಕನ ಸ್ಟೂಲು ಕಿಟಕಿಯಿಂದ ಮೆಟ್ಟಿಲ ಬುಡಕ್ಕೆ ಬಂದಿದೆ. ವರ್ಷಕ್ಕೊಮ್ಮೆ ಅವರ ಜಾಗ ಅದು. ಎದೆಯ ಮೇಲೆ ನಾಲ್ಕೈದು ಸೂಜಿ ದಾರ ಸಮೇತ ಸಿಕ್ಕಿಸಿಕೊಂಡು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದಾರೆ. ಮೈಮೇಲೆ ಮಗನ ಹಳೇ ಸ್ವೆಟರು. ಕಚೇರಿಯ ಸೂಪರಿಂಟೆಂಡೆಂಟ್ ಬಂದು ಹುಬ್ಬು ಗಂಟಿಕ್ಕುತ್ತಾರೆ.

"ಏನಮ್ಮಾ ಇದು? ಇವತ್ತು ಸಮವಸ್ತ್ರ ಕಡ್ಡಾಯ ಅಂತ ಹೇಳಿರ್ಲಿಲ್ವಾ? ಕೋಟೆಲ್ಲಿ?"

"ಇಲ್ಲೇ ಇದೆ ಸಾರ್, ಕೆಲಸದ ಮೇಲೆ ಹೋಗಿದೆ."

ಸೂಪರಿಂಟೆಂಡೆಂಟರಿಗೆ ತಲೆಬುಡ ಅರ್ಥವಾಗುವುದಿಲ್ಲ. ಕೋಟು ಅವರ ಕಣ್ಣೆದುರೇ ವೇದಿಕೆ ಹತ್ತಿ ಅತಿಥಿಗಳಿಗೆ ತಲೆಬಾಗಿ ಇಳಿದು ಬರುತ್ತಿದೆ.

ಹತ್ತುತ್ತಾರೆ, ಇಳಿಯುತ್ತಾರೆ, ತೊಡಿಸುತ್ತಾರೆ, ಮಡಿಸುತ್ತಾರೆ. ನಾನು ಮೊದಮೊದಲು ಟಿಪ್ಪಣಿ ಬರೆಯುತ್ತಿದ್ದವನು ಈಗ ಬರೀ ಹೆಗಲು ನೋಡುತ್ತಿದ್ದೇನೆ. ಸಾಲು ಸವೆಯುತ್ತಾ ಬಂದು ಕೊನೆಯಲ್ಲಿ ಸೊಸೆ ಕಾಣಿಸುತ್ತಾಳೆ, ಕೈಬೆರಳು ಹಿಸುಕಿಕೊಳ್ಳುತ್ತಾ. ಅವಳಿಗೆ ಮೊದಲು ಏಳೆಂಟು ಮಂದಿ ಇರುವಾಗ ಬಾಸ್ಕೆಟ್‌ಬಾಲ್ ತಂಡದ ನಾಯಕನ ಸರದಿ. ಬಾಗಿಲಲ್ಲಿ ಬಗ್ಗಿ ಬರುವ ಆಳು. ಒಂದು ತೋಳು ತೂರಿಸಿ ಇನ್ನೊಂದು ತೂರಿಸುತ್ತಾನೆ. ಪರ್‍ರ್ ಎಂದು ಸದ್ದು.

ಇಡೀ ಸಭಾಂಗಣಕ್ಕೆ ಕೇಳಿಸಿದೆ. ಕಂಕುಳಿಂದ ಶುರುವಾದ ಹರಕು ಬೆನ್ನಿನುದ್ದಕ್ಕೆ ಬಾಯಿ ತೆರೆದು ಹೆಗಲ ಕಡೆ ಏರಿದೆ. ಹುಡುಗ ಕೈ ಮೇಲೆತ್ತಿ ಹಾಗೇ ನಿಂತುಬಿಟ್ಟಿದ್ದಾನೆ, ಮುಖ ಬಿಳಿಚಿದೆ. ಸಮಿತಿಯವರೊಬ್ಬರು ಎದ್ದು ಬಾಡಿಗೆ ಗೌನಿನ ಪೆಟ್ಟಿಗೆಯ ಕಡೆ ಕೈ ಮಾಡುತ್ತಾರೆ. ಪೆಟ್ಟಿಗೆಯ ಹಗ್ಗ ಬಿಚ್ಚುವ ಸದ್ದೂ ಕೇಳುತ್ತದೆ. ಪ್ರಾಂಶುಪಾಲರು ಮೈಕಿನ ಮುಂದೆ ಬಾಯಿ ತೆರೆದವರು ಸೂಜಕ್ಕನತ್ತ ನೋಡಿ ನಿಲ್ಲುತ್ತಾರೆ.

ಸೂಜಕ್ಕ ಹರಕಿನೊಳಗೆ ಕೈಹಾಕಿ ತಡಕುತ್ತಾರೆ. ಹರಕು ನೀಲಿ ಬಟ್ಟೆಯ ಅಂಚಿಗೆ ಬಂದು ನಿಂತಿದೆ. ಅಲ್ಲಿಂದ ಆಚೆ ಒಂದು ಎಳೆಯೂ ಕದಲಿಲ್ಲ.

"ಕೂತ್ಕೊಳಪ್ಪಾ," ಎನ್ನುತ್ತಾರೆ ಹುಡುಗನಿಗೆ. "ಪೂರ್ತಿ ಕೂತ್ಕೋ. ನಿನ್ನ ಬೆನ್ನು ಮುಟ್ಟೋಕೆ ನಾನು ಏಣಿ ತರ್ಲಾ?"

ಹುಡುಗ ನೆಲದ ಮೇಲೆ ಮಂಡಿಯೂರುತ್ತಾನೆ. ಯಾರೋ ನಗುತ್ತಾರೆ, ಆಮೇಲೆ ಎಲ್ಲರೂ. ಹರಿದ ಅಂಚನ್ನು ನೀಲಿ ಬಟ್ಟೆಯ ಮೇಲೆ ಎಳೆದು ತಂದು ಸೂಜಕ್ಕ ದೊಡ್ಡ ದೊಡ್ಡ ಟಾಕು ಹಾಕುತ್ತಾರೆ. ಒಂದು ಸೂಜಿಯ ದಾರ ಮುಗಿದರೆ ಎದೆಯ ಮೇಲಿನ ಇನ್ನೊಂದು ಸೂಜಿ. ನೋಟಕ್ಕೆ ಚೆಂದವಿಲ್ಲ, ಭದ್ರವಿದೆ. ಸಮಿತಿಯವರು ನಿಂತೇ ಇದ್ದಾರೆ. ಕೊನೆಯ ಗಂಟು ಹಾಕಿ, ದಾರ ಕಚ್ಚಿ, ಸೂಜಕ್ಕ ಹುಡುಗನ ಬೆನ್ನಿಗೊಂದು ಏಟು ಕೊಡುತ್ತಾರೆ. "ಹೋಗು. ನೆಟ್ಟಗೆ ನಡಿ, ಕುಣೀಬೇಡ." ಸಮಿತಿಯವರು ಕೂರುತ್ತಾರೆ.

ಉಳಿದವರು ಗೌನನ್ನು ಹಸುಗೂಸಿನ ಹಾಗೆ ಕೈಯಿಂದ ಕೈಗೆ ದಾಟಿಸುತ್ತಾರೆ. ಕೊನೆಗೆ ಸೊಸೆ. ತೋಳು ಮಡಿಸಿಕೊಳ್ಳಲು ಹೋದರೆ ಮಡಿಕೆ ಜಾರಿಬಿಡುತ್ತದೆ. ಸೂಜಕ್ಕ ತಾವೇ ಮಡಿಸಿಕೊಡುತ್ತಾರೆ, ಒಂದು, ಎರಡು. ಅತ್ತೆ ಸೊಸೆ ಮುಖ ಮುಖ ನೋಡಿಕೊಳ್ಳುವುದಿಲ್ಲ. ನೋಡಿಕೊಂಡರೆ ಅಳು ಬರುತ್ತದೆಂದು ಇಬ್ಬರಿಗೂ ಗೊತ್ತು. ಅವಳು ಮೆಟ್ಟಿಲು ಹತ್ತುತ್ತಿದ್ದಂತೆ ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತದೆ. ಗೋದಾಮಿನ ಹಳೆಯ ತಗಡಿನ ಸೂರು ನಿಜಕ್ಕೂ ಅದುರುತ್ತದೆ. ಸೂಜಕ್ಕ ಚಪ್ಪಾಳೆ ಹೊಡೆಯುವುದಿಲ್ಲ. ಎರಡೂ ಕೈಯಲ್ಲಿ ಸೂಜಿಯಿದೆ, ಕಣ್ಣು ಹೆಗಲ ಮೇಲಿದೆ.

ಸಾಲಿನ ಕೊನೆಯವರು ಗೌನನ್ನು ಸೂಜಕ್ಕನ ಕೈಗೇ ಒಪ್ಪಿಸಬೇಕು. ಸೊಸೆ ಇಳಿದು ಬಂದು ಬಿಚ್ಚುತ್ತಾಳೆ. ಬಿಚ್ಚುವಾಗ ಒಳಗಿನ ನೀಲಿ ಕಣ್ಣಿಗೆ ಬೀಳುತ್ತದೆ. ವಾರವಾರ ಆ ಕೋಟನ್ನು ಒಗೆಯುವವಳು ಅವಳೇ.

"ಅತ್ತೆ, ನಿಮ್ಮ ಕೋಟು..."

"ಸುಮ್ನಿರೇ, ಜನ ಇದಾರೆ," ಎಂದು ಗದರುತ್ತಾರೆ ಸೂಜಕ್ಕ. ಸೊಸೆ ಸುಮ್ಮನಿರುವುದಿಲ್ಲ. ಪದವಿ ಪತ್ರ ಕಂಕುಳಲ್ಲಿ ಇಟ್ಟುಕೊಂಡು, ಗೌನಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಾಳೆ. "ಅಯ್ಯೋ, ಉಣ್ಣೆ ಕಣೇ, ಒದ್ದೆ ಮಾಡ್ಬೇಡ," ಎನ್ನುವ ಸೂಜಕ್ಕನ ದನಿಯೂ ನೆಟ್ಟಗಿಲ್ಲ.

ಜನ ಚದುರಿದ್ದಾರೆ. ಬಾಡಿಗೆ ಗೌನಿನ ಪೆಟ್ಟಿಗೆಗಳಿಗೆ ಮತ್ತೆ ಹಗ್ಗ ಕಟ್ಟಿ ಹೊರಗಿಟ್ಟಿದ್ದಾರೆ. ಮುಂದಿನ ವರ್ಷಕ್ಕೆ ಹೊಲಿಗೆಯೆಲ್ಲ ಬಿಚ್ಚಿ ಹೊಸದಾಗಿ ಹಾಕಬೇಕು, ಆ ಹುಡುಗನ ಬೆನ್ನ ಮೇಲೆ ಹಾಕಿದ ಟಾಕುಗಳನ್ನು ನೋಡಲಾಗುವುದಿಲ್ಲ ಎಂದು ಸೂಜಕ್ಕ ಗೊಣಗುತ್ತಿದ್ದಾರೆ. ಗೌನು ಮಡಿಸಿ ಸ್ಟೂಲಿನ ಮೇಲಿಟ್ಟು, ಪೊರಕೆ ತೆಗೆದುಕೊಂಡು, ಉದುರಿದ ಹೂವಿನೆಸಳು ಗುಡಿಸಲು ವೇದಿಕೆಯ ಮೆಟ್ಟಿಲ ಹತ್ತಿರ ಬಂದವರು ತಿರುಗಿ ಗೌನಿನ ಹೆಗಲಲ್ಲಿ ಇಣುಕುವ ತಮ್ಮ ಕೋಟಿನ ನೀಲಿಯನ್ನು ನೋಡುತ್ತಾರೆ.

"ನೀವು ಬರ್ಕೊಳ್ಳೋದಾದ್ರೆ ಇದೊಂದು ಬರ್ಕೊಳ್ಳಿ," ಎನ್ನುತ್ತಾರೆ. "ಇಷ್ಟು ವರ್ಷ ನಾನು ಇದರ ಮೇಲೆ ಹತ್ತಿದ್ದೆಲ್ಲಾ ಈ ಪೊರಕೆ ಹಿಡ್ಕೊಂಡೇ. ಇವತ್ತು ಮಾತ್ರ ಅಷ್ಟೂ ಮಕ್ಕಳ ಜೊತೆ ಹತ್ತಿ ಇಳಿದಿದೀನಿ, ಬರಿಗೈಲಿ."